ಗೋಡೆಯ ಮೇಲಿನ ಏಳು ಗೆರೆ

ನಾಲ್ಕು ಜನರ ಮುಂದೆ ಬಾಯಿ ತೆರೆದರೆ ನನ್ನ ದನಿ ನನಗೇ ಕೇಳುವುದಿಲ್ಲ ಎಂದು ಅವಳು ಬೆಳಿಗ್ಗೆಯಷ್ಟೇ ಡೈರಿಯಲ್ಲಿ ಬರೆದುಕೊಂಡಿದ್ದಳು. ಈಗ ದೋಣಿಯಲ್ಲಿ ಹದಿನಾಲ್ಕು ಜನ.

ದ್ವೀಪ ನೋಡಬಂದವರಿಗೆ ಗಾಳ ಹಾಕಿಸಿ, ತಿಳಿನೀರಲ್ಲಿ ಈಜಾಡಿಸಿ, ಕೊನೆಗೆ ಹಳೆಯ ದೀಪಸ್ತಂಭದ ಕಥೆ ಹೇಳುವುದು ಅವಳ ಸೋದರಮಾವನ ಕಸುಬು. ಇವತ್ತು ಅವನ ಗಂಟಲು ಕಟ್ಟಿತ್ತು.

"ಡಿಗ್ರಿ ಮಾಡಿದೋಳು, ನೀನೇ ಹೇಳೇ," ಎಂದು ಪಿಸುಗುಟ್ಟಿದ. "ಕಡಲುಗಳ್ಳರು, ಕತ್ತಿ, ರಕ್ತ. ಅಷ್ಟಿದ್ರೆ ಸಾಕು."

"ಸುಳ್ಳಲ್ವಾ ಮಾವ ಅದು?"

"ನಿಜ ಹೇಳಿದ್ರೆ ನಾಳೆಯಿಂದ ದೋಣೀಲಿ ನಾನು, ನೀನು, ಒಂದು ಕಾಗೆ."

ಸ್ತಂಭದ ಬಾಗಿಲ ಪಕ್ಕದ ಗೋಡೆಯಲ್ಲಿ ಒಂದರ ಮೇಲೊಂದು ಏಳು ಗೆರೆಗಳಿದ್ದವು. ಕತ್ತಿಯ ಏಟು ಅನ್ನುತ್ತಿದ್ದ ಮಾವ. ನಿಜಕ್ಕೂ ಅವನ್ನು ಕೆತ್ತಿದವನು ಅಲ್ಲಿ ದೀಪ ಕಾಯುತ್ತಿದ್ದ ಅವಳ ಮುತ್ತಜ್ಜ. ಮಗಳು ಬೆಳೆದಂತೆಲ್ಲ ವರ್ಷಕ್ಕೊಂದು. ಸುಳ್ಳು ಹೇಳುವ ಮಾವನೇ ಪ್ರತಿ ವರ್ಷ ಸುಣ್ಣ ಹೊಡೆಯುವಾಗ ಅಷ್ಟಗಲ ಜಾಗಕ್ಕೆ ಹಳೆಯ ಪೇಪರ್ ಅಂಟಿಸಿ, ಒಂದು ಹನಿಯೂ ತಾಗದಂತೆ ನೋಡಿಕೊಳ್ಳುತ್ತಿದ್ದ.

ಈಜಿ ಬಂದವರು ಒದ್ದೆ ತಲೆಯಲ್ಲೇ ಗೋಡೆಯ ಸುತ್ತ ನೆರೆದರು. ಅವಳು ಚಪ್ಪಲಿಯನ್ನೇ ನೋಡುತ್ತ "ಕಡಲುಗಳ್ಳರು ಬಂದ್ರು..." ಎಂದು ಶುರುಮಾಡಿದಳು.

"ಅಲ್ಲಮ್ಮಾ," ಎಂದಳು ಟೋಪಿ ಹಾಕಿದ್ದ ಒಬ್ಬ ಹೆಂಗಸು, "ಈ ಕೆಳಗಿನ ಗೆರೆ ನನ್ನ ಸೊಂಟಕ್ಕಿಂತ ಸ್ವಲ್ಪ ಮೇಲಿದೆ ಅಷ್ಟೇ. ನಿಮ್ಮ ಕಳ್ಳರು ಇಷ್ಟು ಕುಳ್ಳರಾ?"

ಎಲ್ಲರೂ ನಕ್ಕರು. ಹಿಂದೆ ನಿಂತಿದ್ದ ಮಾವ, ಕೂತುಕೊಂಡು ಕತ್ತಿ ಬೀಸಿದರು ಎನ್ನುವಂತೆ ಕುಕ್ಕರಗಾಲಲ್ಲಿ ಕೂತು ಕೈ ಬೀಸಿ ತೋರಿಸಿದ. ನಗು ಇನ್ನೂ ಜೋರಾಯಿತು. ಅವಳಿಗೂ ನಗು ತಡೆಯಲಾಗಲಿಲ್ಲ.

"ಹಾಗಾದ್ರೆ ಕುಳ್ಳರ ಜೊತೆ ನಂದೂ ಒಂದು ಗೆರೆ ಇರ್ಲಿ," ಎಂದು ಒಬ್ಬಾತ ಜೇಬಿನಿಂದ ಬೀಗದ ಕೈ ತೆಗೆದು, ಎಲ್ಲಕ್ಕಿಂತ ಕೆಳಗಿನ ಗೆರೆಯ ಮೇಲೇ ಅದರ ತುದಿ ಇಟ್ಟ.

ಮಾವ ದಡಬಡಿಸಿ ಎದ್ದ. ಬಾಯಿ ತೆರೆದ. ಬರೀ ಗಾಳಿ ಬಂತು.

ಅವಳ ಅಂಗೈ ಆಗಲೇ ಬೀಗದ ಕೈಗೂ ಗೋಡೆಗೂ ನಡುವೆ ಇತ್ತು. ಸುಣ್ಣ ಕಾಣದ ಆ ಕಲ್ಲು ಬಿಸಿಲಿಗೆ ಬೆಚ್ಚಗಿತ್ತು. ಹದಿನಾಲ್ಕು ಮುಖಗಳೂ ಅವಳತ್ತ ತಿರುಗಿದವು. ಅವಳು ಮಾವನನ್ನು ನೋಡಿದಳು. ಅವನು ಟವೆಲ್ಲಿನಿಂದ ಕತ್ತು ಒರೆಸಿಕೊಳ್ಳುತ್ತ, ಹೇಳು ಎನ್ನುವಂತೆ ತಲೆಯಾಡಿಸಿದ.

"ಕಳ್ಳರೂ ಇಲ್ಲ, ಕತ್ತಿಯೂ ಇಲ್ಲ," ಎಂದಳು. ದನಿ ಅವಳಿಗೇ ಕೇಳಿಸಿತು. "ಇದು ನಮ್ಮಜ್ಜಿ. ಆರು ತುಂಬಿದಾಗ ಇಷ್ಟೆತ್ತರ ಇದ್ದಳು."