ಲೈನಿನಲ್ಲಿ ಅಕ್ಕ

ಫೋನು ಎರಡನೇ ಸಲ ಬಡಿದುಕೊಳ್ಳುವಷ್ಟರಲ್ಲಿ ಅಕ್ಕ ಮಾಸ್ಕನ್ನು ಮೂಗಿನಿಂದ ಹಣೆಗೆ ಸರಿಸಿ, ಯಂತ್ರದ ಗುಂಡಿ ಒತ್ತಿ ಅದರ ಗುರುಗುರು ನಿಲ್ಲಿಸಿ, ಕೂದಲ ಮೇಲೊಮ್ಮೆ ಕೈಯಾಡಿಸಿಕೊಂಡು ಕುರ್ಚಿಯಲ್ಲಿ ನೆಟ್ಟಗೆ ಕೂತಾಗಿತ್ತು. ಮಾಸ್ಕಿನೊಳಗಿನ ಕೊನೆಯ ಆವಿ ಎಳೆಎಳೆಯಾಗಿ ಹಣೆಯ ಮೇಲಿಂದ ಏಳುತ್ತಿತ್ತು.

"ನಮಸ್ಕಾರ, ಹೇಳಿ," ಅಂದಳು.

ಅಡುಗೆಮನೆಯಲ್ಲಿ ಔಷಧಿ ಹಾಕುವ ಇನ್ನೊಂದು ಬಟ್ಟಲನ್ನು ಬಿಸಿನೀರಿನಲ್ಲಿ ತೊಳೆಯುತ್ತಿದ್ದ ತಂಗಿ ನಲ್ಲಿ ನಿಲ್ಲಿಸಿ ಕಿವಿಗೊಟ್ಟಳು. ಫೋನು ಮಾಡಿದ್ದು ವಿಮೆ ಕಂಪನಿಯವರು. ಅಕ್ಕನ ಎದೆಗೆ ಆವಿಯಲ್ಲಿ ಔಷಧಿ ಕೊಡುವ ನೆಬುಲೈಸರ್ ಯಂತ್ರವನ್ನೂ, ಅದರ ಪೈಪು, ಮಾಸ್ಕು, ಫಿಲ್ಟರುಗಳನ್ನೂ, ತಿಂಗಳು ತಿಂಗಳು ಬೇಕಾಗುವ ಔಷಧಿಯ ಪುಟ್ಟ ಪ್ಲಾಸ್ಟಿಕ್ ಬುಡ್ಡಿಗಳನ್ನೂ ಮಂಜೂರು ಮಾಡುವ ಮೊದಲು ಕಾಯಿಲೆಯವರ ಜೊತೆ ಒಂದು ಸಲ ನೇರವಾಗಿ ಮಾತಾಡುವುದು ಅವರ ಪದ್ಧತಿಯಂತೆ. ಎದೆ ಡಾಕ್ಟರು ಬರೆದುಕೊಟ್ಟಿದ್ದರೂ ಅಷ್ಟೇ, ಬರೆಯದಿದ್ದರೂ ಅಷ್ಟೇ.

ತಂಗಿಗೆ ಮಾತಿಗಿಂತ ದನಿಯೇ ಕೇಳಿಸುತ್ತಿತ್ತು. ಎಷ್ಟು ಕಾಲವಾಗಿತ್ತು ಇದನ್ನು ಕೇಳಿ. ವಾಕ್ಯಕ್ಕೆ ವಾಕ್ಯ ಈಗಷ್ಟೇ ಇಸ್ತ್ರಿ ಮಾಡಿ ಮಡಿಸಿಟ್ಟ ಹಾಗೆ, ಎಲ್ಲೂ ಸುಕ್ಕಿಲ್ಲ. ಹೌದು, ಉಸಿರಾಟದ ತೊಂದರೆ ಇದೆ. ಇಲ್ಲ, ಈಗ ಮಾತಾಡಲು ಏನೂ ಅಡ್ಡಿಯಿಲ್ಲ, ನೀವು ನಿಧಾನವಾಗಿ ಕೇಳಿ. ಮೆಟ್ಟಿಲು ಹತ್ತುವುದು ಸ್ವಲ್ಪ ಕಷ್ಟ, ಆದರೆ ನಡೆಯುತ್ತಿದೆ. ಇತ್ತ ಕೇಳುತ್ತ ನಿಂತ ತಂಗಿ ಕೆಲಸ ಮಾಡುವುದು ಬಟ್ಟೆ ಒಗೆದು ಇಸ್ತ್ರಿ ಮಾಡುವ ಲಾಂಡ್ರಿಯ ಕೌಂಟರಿನಲ್ಲಿ. ಸುಕ್ಕಿಲ್ಲದ್ದು ಅಂದರೆ ಏನೆಂದು ಅವಳಿಗೆ ಗೊತ್ತು. ಒದ್ದೆ ಬಟ್ಟಲನ್ನು ಎದೆಗೊತ್ತಿಕೊಂಡು ನಿಂತಲ್ಲೇ ಹಿಗ್ಗಿದಳು.

ಫೋನು ಇಟ್ಟ ಮೇಲೆ ಅಕ್ಕ ಮೇಜಿನ ಅಂಚು ಹಿಡಿದು ಬಗ್ಗಿದಳು. ತಡೆದಿಟ್ಟಿದ್ದ ಕೆಮ್ಮೆಲ್ಲ ಸರದಿಯಲ್ಲಿ ಕಾದಿದ್ದವರ ಹಾಗೆ ನುಗ್ಗಿ ಬಂತು. ತಂಗಿ ಬೆನ್ನು ನೀವುತ್ತ, "ಎಷ್ಟು ಚೆನ್ನಾಗಿ ಮಾತಾಡಿದೆ ಅಕ್ಕ," ಅಂದಳು. ಅಕ್ಕನ ಮುಖದಲ್ಲಿ ಪರೀಕ್ಷೆ ಚೆನ್ನಾಗಿ ಬರೆದು ಬಂದವರ ನೆಮ್ಮದಿ ಇತ್ತು.

ಆಮೇಲಿನ ವಾರ ಅರ್ಜಿ ತಿರಸ್ಕಾರವಾಯಿತು.

ತಂಗಿ ಲಾಂಡ್ರಿಗೆ ಅರ್ಧ ದಿನ ರಜೆ ಹಾಕಿ ವಿಮೆ ಆಫೀಸಿಗೆ ಹೋದಳು. ಹೋಗುವಾಗ ದಾರಿಯುದ್ದಕ್ಕೂ ಜಗಳದ ಮಾತುಗಳನ್ನು ಜೋಡಿಸಿಕೊಂಡಿದ್ದಳು. ಆದರೆ ಕೌಂಟರಿನಲ್ಲಿದ್ದ ಕನ್ನಡಕದವನು ಜಗಳಕ್ಕೆ ಒದಗುವ ಪೈಕಿಯವನಲ್ಲ. ಕುರ್ಚಿ ತೋರಿಸಿ, ಕಂಪ್ಯೂಟರು ನೋಡಿ, ಕನ್ನಡಕ ತೆಗೆದು ಒರೆಸಿ, ಮತ್ತೆ ನೋಡಿದ. ನಿಮ್ಮ ಅಕ್ಕನವರು ತುಂಬಾ ಹೊತ್ತು ತಡೆಯಿಲ್ಲದೆ ಮಾತಾಡಿದ್ದಾರೆ, ಉಸಿರು ಕಟ್ಟಿದ ಗುರುತು ಎಲ್ಲೂ ಇಲ್ಲ, ಹಾಗಾಗಿ ಮನೆಯಲ್ಲಿ ಯಂತ್ರದ ಅಗತ್ಯ ಕಾಣುವುದಿಲ್ಲ, ಬಾಯಿಗೆ ಒತ್ತಿಕೊಳ್ಳುವ ಪಂಪು ಸಾಕು ಎಂದು ತೀರ್ಮಾನವಾಗಿದೆ ಅಂತ ವಿವರಿಸಿದ. ಪಂಪು ಒತ್ತುವಷ್ಟು ಬಲ ಅವಳ ಗಂಟುಬಿದ್ದ ಬೆರಳುಗಳಿಗಿಲ್ಲ, ಒತ್ತಿದ ಕ್ಷಣಕ್ಕೇ ಎಳೆದುಕೊಳ್ಳುವಷ್ಟು ಉಸಿರೂ ಇಲ್ಲ ಎಂದು ತಂಗಿ ಹೇಳಿದಳು. ಅವನು ನಂಬಿದ ಅಂತ ಅವನ ಮುಖವೇ ಹೇಳುತ್ತಿತ್ತು. ಆದರೆ ನಂಬುವುದು ಅವನ ಕೆಲಸವಾಗಿರಲಿಲ್ಲ. ಮೇಲ್ಮನವಿ ಹಾಕಿ, ಇನ್ನೊಂದು ಸಲ ಫೋನು ಮಾಡಿಸುತ್ತೇನೆ, ಅದೇ ಕೊನೆಯದು ಅಂದ. ಅವಳು ಏಳುವಾಗ ಸಂಕೋಚದಿಂದ ಸೇರಿಸಿದ:

"ತಪ್ಪು ತಿಳೀಬೇಡಿ. ಆ ರೆಕಾರ್ಡಿಂಗ್ ನಾನೂ ಕೇಳಿದೆ. ಅಷ್ಟು ಚೆಂದದ ದನಿ ನಮ್ಮ ಆಫೀಸಲ್ಲಿ ಯಾರಿಗೂ ಇಲ್ಲ."

ತಂಗಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಆ ದನಿ ಎಲ್ಲಿಂದ ಬಂತೆಂದು ಅವಳಿಗೆ ಗೊತ್ತಿಲ್ಲದೆ ಏನು? ಅಕ್ಕ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು, ಕರೆಗಳನ್ನು ಜೋಡಿಸುವ ತೂತುಗಳ ಹಲಗೆಯ ಮುಂದೆ ಸಾಲಾಗಿ ಕೂತ ಹೆಂಗಸರ ನಡುವೆ ಅವಳೂ ಒಬ್ಬಳು. ಅಲ್ಲಿ ಅವಳಿಗೆ 'ಗಂಟೆ' ಅಂತಲೇ ಅಡ್ಡಹೆಸರು. ನೆಗಡಿಯಾಗಿರಲಿ, ಜ್ವರವಿರಲಿ, ಮನೆಯಲ್ಲಿ ಏನೇ ಆಗಿರಲಿ, ಲೈನಿಗೆ ಬಂದಾಗ ಅದೇ ಖಣಖಣ. ಅವಳು ಕೆಲಸಕ್ಕೆ ಸೇರಿದಾಗ ತಂಗಿ ಇನ್ನೂ ಶಾಲೆಯ ಹುಡುಗಿ. ಒಂದು ದಿನ ಶಾಲೆಯ ಹತ್ತಿರ ಬಿದ್ದು ಮಂಡಿ ಒಡೆದುಕೊಂಡು, ರಕ್ತ ಸುರಿಸಿಕೊಂಡೇ ಮೂಲೆಯಂಗಡಿಗೆ ಹೋಗಿ, ಗೋಗರೆದು ಫೋನು ಎತ್ತಿದ್ದಳು. ಆಗೆಲ್ಲ ಫೋನೆತ್ತಿದರೆ ಮೊದಲು ಸಿಗುತ್ತಿದ್ದುದು ಆಪರೇಟರೇ. ಯಾವ ಪುಣ್ಯವೋ, ಆ ಕಡೆ ಅಕ್ಕನ ದನಿಯೇ ಬಂತು. "ಅಕ್ಕಾ, ನಾನು, ಬಿದ್ದುಬಿಟ್ಟೆ," ಎಂದು ಬಿಕ್ಕಿದಳು. ಅಕ್ಕ, "ಯಾವ ನಂಬರ್ ಬೇಕು?" ಅಂದಳು. ಅದೇ ಖಣಖಣ. ಇನ್ನೊಂದು ಸಲ ಅತ್ತಿದ್ದಕ್ಕೆ ಇನ್ನೊಂದು ಸಲ ಅದೇ ಮಾತು. ಹುಡುಗಿ ಫೋನು ಕುಕ್ಕಿ, ನಮ್ಮಕ್ಕನಿಗೆ ನನ್ನ ಗುರುತೇ ಇಲ್ಲ ಎಂದು ದಾರಿಯೆಲ್ಲ ಅಳುತ್ತ ಮನೆಗೆ ಬಂದಿದ್ದಳು. ಸಂಜೆ ಅಕ್ಕ ಬಂದವಳೇ ಚಪ್ಪಲಿ ಕೂಡ ಬಿಡದೆ ಕೈಚೀಲದಿಂದ ಮುಲಾಮಿನ ಕೊಳವೆ ತೆಗೆದು ಅವಳ ಮುಂದೆ ನೆಲಕ್ಕೆ ಕೂತಳು. ಯಾವ ಮಂಡಿ ಅಂತ ಮಾತ್ರ ಕೇಳಿದಳು.

ಈಗ ಇಬ್ಬರೇ ಇರುವ ಮನೆ. ತಂಗಿಗೂ ತಲೆ ನರೆತಿದೆ. ಅಕ್ಕ ಇನ್ನೂ ಅವಳನ್ನು ಪುಟ್ಟಿ ಅನ್ನುತ್ತಾಳೆ. ಮೇಜಿನ ಮೇಲೆ ಗುರುಗುಟ್ಟುವ ಯಂತ್ರ ಅವರದ್ದಲ್ಲ, ಔಷಧಿ ಅಂಗಡಿಯವನದು. ಮಂಜೂರಾಗುವವರೆಗೆ ಇಟ್ಟುಕೊಳ್ಳಿ ಎಂದು ತನ್ನ ಹಳೆಯದನ್ನು ಕೊಟ್ಟಿದ್ದ. ಪೈಪು ಹಳದಿಗೆ ತಿರುಗಿತ್ತು, ಮಾಸ್ಕಿನ ರಬ್ಬರು ಸಡಿಲಾಗಿ ತಂಗಿ ಅದಕ್ಕೆ ಲಾಂಡ್ರಿಯ ಎಲಾಸ್ಟಿಕ್ ಹೊಲಿದಿದ್ದಳು. ಬೇರೆ ಯಾರಿಗೋ ಬೇಕಂತೆ ಎಂದು ಅವನು ಮೊನ್ನೆ ಹಿಂದೆಮುಂದೆ ನೋಡುತ್ತ ಹೇಳಿಹೋಗಿದ್ದ. ಕೈಯಿಂದ ದುಡ್ಡು ಹಾಕಿ ಹೊಸದನ್ನು ಕೊಳ್ಳುವ ಮಾತನ್ನು ಅಕ್ಕತಂಗಿ ಇಬ್ಬರೂ ಎತ್ತಲಿಲ್ಲ, ಎತ್ತಿ ಪ್ರಯೋಜನವಿರಲಿಲ್ಲ.

ತಂಗಿ ವಿಮೆ ಆಫೀಸಿನಿಂದ ಬಂದು ಸುದ್ದಿ ಹೇಳಿದಾಗ ಅಕ್ಕ ಮೊದಲು ಕೇಳಿದ್ದು, ಹಾಗಾದರೆ ನನ್ನ ದನಿ ಸ್ಪಷ್ಟವಾಗಿ ಕೇಳಿಸಿತ್ತೇ ಅಂತ.

"ಸ್ಪಷ್ಟವಾಗಿ ಕೇಳಿಸಿದ್ದೇ ಎಡವಟ್ಟಾಗಿರೋದು ಮಾರಾಯ್ತಿ," ಅಂದಳು ತಂಗಿ.

ಆಗ ಹೊರಬಿತ್ತು. ಫೋನು ಬರುತ್ತದೆಂದು ಅಕ್ಕ ಆ ದಿನ ಗಡಿಯಾರ ನೋಡಿಕೊಂಡೇ ಆವಿ ತೆಗೆದುಕೊಳ್ಳಲು ಕೂತಿದ್ದಳಂತೆ, ಮಾತಾಡುವ ಹೊತ್ತಿಗೆ ಎದೆ ಹಗುರಾಗಿರಲಿ ಅಂತ. ಯಾರೋ ಪಾಪ ಕೆಲಸದ ಮೇಲೆ ಫೋನು ಮಾಡುತ್ತಾರೆ, ಅವರ ಕಿವಿಗೆ ನಮ್ಮ ಏದುಸಿರು ಊದುವುದು ಮರ್ಯಾದೆಯೇ ಎಂದು ಅವಳ ವಾದ. ತಂಗಿ ಹಣೆ ಚಚ್ಚಿಕೊಂಡಳು.

ಅಂದಿನಿಂದ ಮನೆಯಲ್ಲಿ ತಾಲೀಮು ಶುರುವಾಯಿತು. ತಂಗಿ ಟೀವಿ ರಿಮೋಟನ್ನು ಕಿವಿಗಿಟ್ಟುಕೊಂಡು ವಿಮೆಯ ಹುಡುಗಿಯಾಗುತ್ತಿದ್ದಳು. ಅಕ್ಕ ಕುರ್ಚಿಯಲ್ಲಿ.

"ನಮಸ್ಕಾರ ಮೇಡಂ, ರಾತ್ರಿ ನಿದ್ದೆ ಬರುತ್ತಾ?"

"ಬರುತ್ತೆ. ವಿಚಾರಿಸಿದ್ದಕ್ಕೆ ಧನ್ಯವಾದ."

"ಧನ್ಯವಾದ ಯಾಕೆ ಹೇಳ್ತೀಯ? ನಿನಗೆ ನಿದ್ದೆ ಎಲ್ಲಿ ಬರುತ್ತೆ? ಮನೇಲಿರೋ ದಿಂಬೆಲ್ಲ ಬೆನ್ನಿಗಿಟ್ಕೊಂಡು ಗೋಡೆ ನೋಡ್ತಾ ಕೂತಿರ್ತೀಯಲ್ಲ."

"ಅದನ್ನ ಹೊರಗಿನವರ ಹತ್ರ ಹೇಳ್ತಾರಾ ಪುಟ್ಟಿ?"

ಒಂದು ಕೆಮ್ಮಾದರೂ ಕೆಮ್ಮು ಅಂದರೆ, ಸುಳ್ಳು ಕೆಮ್ಮು ಕೆಮ್ಮುವುದಕ್ಕೆ ನಾನೇನು ನಾಟಕದವಳೇ ಎಂದು ಸಿಟ್ಟಾದಳು. ಸಿಟ್ಟಿಗೆ ನಿಜವಾದ ಕೆಮ್ಮೇ ಬಂತು. ನೋಡು, ಇದನ್ನೇ ಅವರಿಗೆ ಕೇಳಿಸು ಅಂತ ತಂಗಿ ಕುಣಿದಾಡಿದಳು. ಆದರೆ ರಿಮೋಟು ಕಿವಿಗೆ ಬಂದ ಕೂಡಲೇ ಅಕ್ಕನ ಕತ್ತು ನೆಟ್ಟಗಾಗುತ್ತಿತ್ತು, ಭುಜ ಏರುತ್ತಿತ್ತು, ಎದೆಯ ಯಾವುದೋ ಮೂಲೆಯಲ್ಲಿ ಕೂಡಿಟ್ಟಿದ್ದ ಗಾಳಿಯೆಲ್ಲ ಒಟ್ಟಾಗಿ ಗಂಟೆ ಬಾರಿಸುತ್ತಿತ್ತು. ಬೇಕೆಂದು ಮಾಡುತ್ತಿರಲಿಲ್ಲ ಅವಳು. ಅದು ಅರ್ಥವಾದಾಗ ತಂಗಿ ರಿಮೋಟನ್ನು ಮೇಜಿನ ಮೇಲಿಟ್ಟುಬಿಟ್ಟಳು.

ಕೊನೆಗೆ ತಂಗಿ ತಾನೇ ಅಕ್ಕನ ಹೆಸರಿನಲ್ಲಿ ಮಾತಾಡಿಬಿಡುತ್ತೇನೆ ಎಂದಳು. ಹೇಗೆ ಕೆಮ್ಮುತ್ತೇನೆ ನೋಡು ಎಂದು ಕೆಮ್ಮಿಯೂ ತೋರಿಸಿದಳು. ಅಕ್ಕ ಸ್ವಲ್ಪ ಹೊತ್ತು ಗಂಭೀರವಾಗಿ ಕೇಳಿದಳು.

"ನಾಯಿ ಸೀನಿದ ಹಾಗಿದೆ," ಅಂದಳು.

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನಗು ಅಕ್ಕನಿಗೆ ಆಗಿಬರುವುದಿಲ್ಲ. ತುಟಿ ಬಣ್ಣಗೆಟ್ಟು, ಕಣ್ಣಲ್ಲಿ ನೀರು ತುಂಬಿ, ತಂಗಿ ಓಡಿಹೋಗಿ ಬುಡ್ಡಿಯ ಮೂತಿ ತಿರುಚಿ ಔಷಧಿಯನ್ನು ಬಟ್ಟಲಿಗೆ ಸುರಿದು ಮಾಸ್ಕು ಕಟ್ಟಬೇಕಾಯಿತು. ಯಂತ್ರ ಗುರುಗುಟ್ಟಿತು. ಬಿಳಿ ಆವಿಯೊಳಗೆ ಅಕ್ಕನ ಮುಖ ಮಸುಕಾಗಿ, ಮೆಲ್ಲಗೆ ಮತ್ತೆ ಸ್ವಂತ ಬಣ್ಣಕ್ಕೆ ಬಂತು. ಔಷಧಿ ಮುಗಿದು ಬಟ್ಟಲು ಪಟಪಟ ಅನ್ನತೊಡಗಿದಾಗ ಅಕ್ಕ ಮಾಸ್ಕು ಎತ್ತಿ ಹೇಳಿದಳು:

"ನಮಗೆ ಮೊದಲನೇ ದಿನವೇ ಕಲಿಸಿದ್ರು ಪುಟ್ಟಿ. ಲೈನಲ್ಲಿ ನೀವು ಇರೋದಿಲ್ಲ, ದನಿ ಮಾತ್ರ ಇರುತ್ತೆ ಅಂತ. ಅದಕ್ಕೆ ಮೈಯಿಲ್ಲ, ಮನೆಯಿಲ್ಲ. ಈಗ ಅದನ್ನ ಎಲ್ಲಿ ಅಂತ ಬಿಚ್ಚಿಡಲಿ?"

ತಂಗಿ ಪೈಪನ್ನು ಸುರುಳಿ ಸುತ್ತುತ್ತಿದ್ದಳು. ಹೇಳಬಾರದು ಅಂದುಕೊಂಡಿದ್ದ ಮಾತು ಬಾಯಿಂದ ಜಾರಿಬಿಟ್ಟಿತು.

"ಮಂಡಿ ಒಡೆದಾಗ ಒಂದೇ ಒಂದು ಸಲ ಪುಟ್ಟಿ ಅನ್ನಬಹುದಿತ್ತು."

ಅಕ್ಕ ಅವಳನ್ನೇ ನೋಡಿದಳು. ಮುಲಾಮು ತಂದಿದ್ದೆನಲ್ಲ ಎಂದು ಹೇಳಲಿಲ್ಲ. ಮಾಸ್ಕಿಗೆ ಹೊಲಿದಿದ್ದ ಎಲಾಸ್ಟಿಕ್ಕನ್ನು ಹೆಬ್ಬೆರಳಿನಿಂದ ಸವರುತ್ತ ಕೂತಳು. ತಂಗಿ ತನ್ನನ್ನು ತಾನೇ ಬೈದುಕೊಳ್ಳುತ್ತ ಬಟ್ಟಲು ತೊಳೆಯಲು ಎದ್ದುಹೋದಳು.

ಫೋನು ಬರಬೇಕಾದ ದಿನ ಬಂತು. ಬೆಳಗ್ಗೆ ಯಾವಾಗ ಬೇಕಾದರೂ ಮಾಡುತ್ತೇವೆ ಅಂದಿದ್ದರು. ತಂಗಿ ಎಲ್ಲ ಸಿದ್ಧಮಾಡಿ ಮಾಸ್ಕನ್ನು ಅಕ್ಕನ ಮುಂದೆ ಹಿಡಿದಳು. ಬೆಳಗಿನ ಔಷಧಿಯ ಹೊತ್ತಾಗಿತ್ತು. ಅಕ್ಕ, ಫೋನು ಬಂದುಹೋಗಲಿ ಅಂದಳು. ಔಷಧಿಯಿಲ್ಲದೆಯೇ ಮಾತಾಡುವ ಎಣಿಕೆ ಅವಳದೆಂದು ತಂಗಿಗೆ ತಿಳಿದುಹೋಯಿತು. ಹಾಗೆಲ್ಲ ಹುಡುಗಾಟ ಬೇಡ, ತಾಲೀಮು ಎಲ್ಲ ಮರೆತುಬಿಡು, ಯಂತ್ರ ಹೋದರೆ ಹೋಗಲಿ, ಇನ್ನೇನಾದರೂ ನೋಡೋಣ ಎಂದು ಒಂದೇ ಉಸಿರಿನಲ್ಲಿ ಹೇಳಿದಳು. ಇನ್ನೇನು ನೋಡುತ್ತೀಯ ಎಂದು ಅಕ್ಕ ಕೇಳಿದಳು.

ಬಿಸಿಲು ಕಿಟಕಿಯಿಂದ ಇಳಿದು ಮೇಜಿನ ಕಾಲಿಗೆ ಬಂತು. ಅಕ್ಕನ ಕತ್ತಿನ ಗುಳಿ ಪ್ರತಿ ಉಸಿರಿಗೂ ಒಳಗೆ ಎಳೆದುಕೊಳ್ಳುತ್ತಿತ್ತು. ಎರಡೂ ಕೈ ಮಂಡಿಯ ಮೇಲೂರಿ ಮುಂದಕ್ಕೆ ಬಾಗಿ ಕೂತಿದ್ದಳು. ಎದೆಯೊಳಗಿನ ಸಿಳ್ಳೆ ಬಾಗಿಲ ಹತ್ತಿರ ನಿಂತವಳಿಗೂ ಕೇಳಿಸುತ್ತಿತ್ತು. ತಂಗಿ ಮಾಸ್ಕನ್ನು ಕೆಳಗಿಡಲಿಲ್ಲ. ಎರಡು ಸಲ ಹತ್ತಿರ ತಂದಳು, ಎರಡು ಸಲವೂ ಅಕ್ಕ ಕಣ್ಣಲ್ಲೇ ತಡೆದಳು. ಇನ್ನು ಕಾಯುವುದಿಲ್ಲ, ಬಲವಂತವಾಗಿಯಾದರೂ ಕಟ್ಟಿಬಿಡುತ್ತೇನೆ ಎಂದು ಮುಂದೆ ಬರುವಾಗಲೇ ಫೋನು ಬಡಿದುಕೊಂಡಿತು.

ಅಕ್ಕನ ಕತ್ತು ನೆಟ್ಟಗಾಯಿತು. ಭುಜ ಏರಿತು. ಕೈ ತಾನಾಗಿ ಕೂದಲ ಮೇಲೆ ಹೋಯಿತು. ಎಲ್ಲಿತ್ತೋ ಅಷ್ಟು ಗಾಳಿ, "ನಮಸ್ಕಾರ, ಹೇಳಿ" ಎಂಬುದು ಗಂಟೆಯಂತೆ ಬಿತ್ತು. ಆಯಿತು, ಮುಗಿಯಿತು ಅಂದುಕೊಂಡಳು ತಂಗಿ.

ವಿಮೆಯ ಹುಡುಗಿ ಓದಿ ಹೇಳುವವರ ರಾಗದಲ್ಲಿ ತನ್ನ ಪರಿಚಯ ಹೇಳಿ, ನಾಲ್ಕಾರು ಪ್ರಶ್ನೆ ಕೇಳಬಹುದೇ ಎಂದು ವಿಚಾರಿಸಿದಳು. ಅಕ್ಕ ಫೋನನ್ನು ಕಿವಿಯಿಂದ ತೆಗೆದು, ಸ್ಪೀಕರಿಗೆ ಹಾಕಿ, ಮಡಿಲಲ್ಲಿಟ್ಟುಕೊಂಡಳು. ಕಣ್ಣು ಮುಚ್ಚಿದಳು. ಏರಿದ್ದ ಭುಜ ಮೊದಲು ಒಂದು, ಆಮೇಲೆ ಇನ್ನೊಂದು, ದಣಿದು ಬಂದವರು ಹೊರೆ ಇಳಿಸಿದ ಹಾಗೆ ಇಳಿದವು. ಅಷ್ಟರ ಮೇಲೆ ಕೋಣೆಯಲ್ಲಿ ಕೇಳಿಸಿದ್ದು ಉಸಿರು ಮಾತ್ರ.

"ಹಲೋ? ಮೇಡಂ, ಲೈನಲ್ಲಿದೀರಾ?"

"ಇದೀನಿ," ಅಂದಳು ಅಕ್ಕ. ಸಿಳ್ಳೆಯೊಂದು ಬಂದು ಹೋಯಿತು. "ನಾನೇ... ಇದೀನಿ. ಕೇಳಮ್ಮ."

ಹುಡುಗಿ ಮೊದಲ ಪ್ರಶ್ನೆ ಕೇಳಿದಳು. ರಾತ್ರಿ ನಿದ್ದೆ ಬರುತ್ತದೆಯೇ. ಇಲ್ಲ ಎಂಬ ಒಂದು ಮಾತಿಗೆ ಅಕ್ಕ ಎರಡು ಸಲ ಉಸಿರೆಳೆದಳು. ದಿಂಬು ಎಂಬ ಮಾತು ಅರ್ಧಕ್ಕೇ ಮುರಿಯಿತು. ಅದರ ಉಳಿದರ್ಧ ಬರುವವರೆಗೆ ಆ ಕಡೆ ಹುಡುಗಿ ಸುಮ್ಮನಿದ್ದಳು. ಮತ್ತೆ ಮಾತಾಡಿದಾಗ ಅವಳ ದನಿಯಿಂದ ಓದುವ ರಾಗ ಹೊರಟುಹೋಗಿತ್ತು.

"ಅಮ್ಮಾ, ನಿಮಗೆ ತುಂಬಾ ಕಷ್ಟ ಆಗ್ತಿದೆ. ಪಕ್ಕದಲ್ಲಿ ಯಾರಾದ್ರೂ ಇದಾರಾ? ಮೊದಲು ಮಾಸ್ಕ್ ಹಾಕ್ಕೊಳ್ಳಿ. ನಾನು ನಾಳೆ ಮಾಡ್ತೀನಿ, ಏನೂ ತೊಂದರೆ ಇಲ್ಲ."

ಅಷ್ಟರಲ್ಲಿ ತಂಗಿ ಅಕ್ಕನ ಮುಂದೆ ನೆಲಕ್ಕೆ ಕೂತಾಗಿತ್ತು. ಯಂತ್ರದ ಗುಂಡಿಯ ಮೇಲೆ ಒಂದು ಕೈ, ಇನ್ನೊಂದರಲ್ಲಿ ಮಾಸ್ಕು. ಕಣ್ಣೀರು ಮೂಗಿನ ತುದಿಗೆ ಬಂದಿದ್ದೂ ಅವಳಿಗೆ ಗೊತ್ತಿರಲಿಲ್ಲ. ಹಾಕ್ಕೋ ಅಕ್ಕ, ಕೇಳಿಸಿತಲ್ಲ ಅವರಿಗೆ, ನಾಳೆ ಮಾಡ್ತಾರಂತಲ್ಲ ಎಂದು ಪಿಸುಗುಟ್ಟುತ್ತ ಮಾಸ್ಕನ್ನು ಮುಖದ ಹತ್ತಿರ ತಂದಳು.

ಅಕ್ಕ ಗಂಟುಬಿದ್ದ ಬೆರಳುಗಳಿಂದ ಅದನ್ನು ಪಕ್ಕಕ್ಕೆ ಸರಿಸಿದಳು. ಫೋನು ಮಡಿಲಲ್ಲೇ ಇತ್ತು, ಆ ಕಡೆ ಹುಡುಗಿ ಕಾಯುತ್ತಿದ್ದಳು.

"ಬೇಡ... ಪುಟ್ಟಿ," ಅಂದಳು ಅಕ್ಕ, ಲೈನಿನಲ್ಲೇ. "ಈಗಲೇ... ಕೇಳಲಿ. ನಾಳೆ ಬೇಡ."