ಹಳದಿಯಾದ ಎರಡು ಸಾಲು

ಅಕ್ಕ ಹನ್ನೊಂದು ವರ್ಷದಿಂದ ಒಂದು ಪ್ರಯೋಗಾಲಯದಲ್ಲಿ ರಕ್ತ ಪರೀಕ್ಷಿಸುವ ಕೆಲಸಕ್ಕಿದ್ದಳು. ತಂಗಿ ದರ್ಜಿ. ಎರಡು ವರ್ಷದ ಹಿಂದೆ ಕತ್ತರಿ ಹಿಡಿದ ಬೆರಳುಗಳಿಗೆ ಜೋಮು ಹತ್ತಿತು, ಆಮೇಲೆ ಒಂದು ಕಣ್ಣು ಮಂಜಾಯಿತು, ಕೊನೆಗೆ ಎಡಗಾಲು ಹೇಳಿದ ಮಾತು ಕೇಳದಾಯಿತು. ಡಾಕ್ಟರು ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದರು. ಮೈ ಕಾಯಬೇಕಾದ ಕಾವಲೇ ನರಗಳ ಹೊದಿಕೆಯ ಮೇಲೆ ತಿರುಗಿಬೀಳುವ ಕಾಯಿಲೆ.

ಆ ಕಾವಲು ಯಾಕೆ ದಾರಿ ತಪ್ಪುತ್ತದೆ ಎಂಬುದೇ ಅಕ್ಕನ ಪ್ರಯೋಗಾಲಯದ ಹುಡುಕಾಟ. ಎಂಜಲಿನಿಂದ ಹರಡಿ, ಜ್ವರ, ಗಂಟಲುನೋವು ತರುವ ಒಂದು ವೈರಸ್ಸಿನ ಮೇಲೆ ಅವರಿಗೆ ಅನುಮಾನ. ಅದರ ಒಂದು ತುಣುಕು ನರದ ಪ್ರೋಟೀನೊಂದನ್ನು ಹೋಲುತ್ತದೆ. ವೈರಸ್ಸನ್ನು ಹಿಡಿಯಲೆಂದು ರಕ್ತದಲ್ಲಿ ಹುಟ್ಟಿದ ಆ್ಯಂಟಿಬಾಡಿ ನರಕ್ಕೂ ಅಂಟುತ್ತದೆಯೇ ಎಂದು ಪ್ಲಾಸ್ಟಿಕ್ ತಟ್ಟೆಯ ಪುಟ್ಟ ಗುಳಿಗಳಲ್ಲಿ ನೋಡುತ್ತಿದ್ದರು. ಒಂದು ಸಾಲಿನ ಗುಳಿಗಳಲ್ಲಿ ವೈರಸ್ಸಿನ ತುಣುಕು, ಇನ್ನೊಂದರಲ್ಲಿ ನರದ ಪ್ರೋಟೀನು. ಅಂಟಿದರೆ ಗುಳಿ ಹಳದಿ.

ತಂಗಿಯೂ ರಕ್ತ ಕೊಟ್ಟಿದ್ದಳು. ಯಾರ ರಕ್ತವೆಂದು ಪರೀಕ್ಷಿಸುವವರಿಗೆ ತಿಳಿಯಬಾರದೆಂದು ಸೀಸೆಯ ಮೇಲೆ ಹೆಸರಿಲ್ಲ, ನಂಬರು ಮಾತ್ರ. ಆದರೆ ಸೂಜಿ ಚುಚ್ಚಿದ್ದು ಅಕ್ಕನೇ, ನಂಬರು ಬಾಯಿಪಾಠವಾಗಿತ್ತು. ಆ ಮಧ್ಯಾಹ್ನ ಆ ನಂಬರಿನ ಎರಡು ಸಾಲೂ, ವೈರಸ್ಸಿನದೂ ನರದ್ದೂ, ಹಳದಿಯಾದವು.

ಹತ್ತೊಂಬತ್ತರ ವಯಸ್ಸಿನಲ್ಲಿ ಅಕ್ಕನಿಗೆ ಆ ವೈರಸ್ಸಿನ ಜ್ವರ ಬಂದಿತ್ತು. ಪಕ್ಕದಲ್ಲೇ ಕೂತು ನೋಡಿಕೊಂಡವಳು ತಂಗಿ. ತಿಂಗಳು ಕಳೆದ ಮೇಲೆ ಅವಳೂ ಹಾಸಿಗೆ ಹಿಡಿದಿದ್ದಳು.

ಅಕ್ಕ ಮುಖ್ಯಸ್ಥರ ಕೋಣೆಗೆ ಹೋದಳು. "ಸರ್, ಈ ಕೆಲಸದಿಂದ ನನ್ನನ್ನ ಬಿಡಿಸ್ತೀರಾ?"

"ಯಾಕಮ್ಮ, ಏನಾಯ್ತು?"

ಹೇಳಿದರೆ ನಂಬರಿನ ಗುಟ್ಟು ರಟ್ಟಾಗಿ ತಂಗಿಯ ರಕ್ತ ಲೆಕ್ಕಕ್ಕಿಲ್ಲದೆ ಹೋಗುತ್ತದೆ. ಹೇಳದಿದ್ದರೆ ಮತ್ತೆ ಅದೇ ತಟ್ಟೆ. ಅತ್ತ ದರಿ, ಇತ್ತ ಪುಲಿ.

"ಏನಿಲ್ಲ ಸರ್," ಎಂದು ವಾಪಸು ಬಂದಳು.

ಸಂಜೆ ತಂಗಿಯ ಮುಂದೆ ಬಾಯಿಬಿಟ್ಟಳು. "ಆ ಜ್ವರ ನಿನಗೆ ನನ್ನಿಂದಲೇ ಬಂದಿದ್ದು ಕಣೆ. ನನ್ನ ಲೋಟದಲ್ಲೇ ನೀರು ಕುಡೀತಿದ್ದೆ ನೀನು."

ತಂಗಿ ಹೊಲಿಗೆ ಬಿಚ್ಚುತ್ತಿದ್ದಳು. "ನೂರಕ್ಕೆ ತೊಂಬತ್ತು ಜನಕ್ಕೆ ಆ ವೈರಸ್ ಇರತ್ತೆ ಅಂತ ನೀನೇ ಹೇಳಿದ್ದೆ. ಅವರೆಲ್ಲ ಕುಂಟ್ತಾ ಇದಾರಾ?"

"ಇಲ್ಲ. ಆದ್ರೂ..."

"ಆದ್ರೂ ಗೀದ್ರೂ ಬೇಡ. ಈ ಕಾಲು ಹೊರೋದೇ ಕಷ್ಟ, ನಿನ್ನ ತಪ್ಪನ್ನೂ ಹೊರಿಸ್ತೀಯಾ? ನಿನ್ನನ್ನ ಸಮಾಧಾನ ಮಾಡೋಕೆ ನಂಗೆ ಶಕ್ತಿ ಇಲ್ಲ ಅಕ್ಕ. ಬಾ, ಕೆಳಗೆ ಕರ್ಕೊಂಡು ಹೋಗು. ಬೀದಿ ನೋಡಿ ಐದು ದಿನ ಆಯ್ತು."

ಮೂರನೇ ಮಹಡಿಯ ಮನೆಯಿಂದ ಒಂದು ಸುತ್ತು ಇಳಿಯುವಷ್ಟರಲ್ಲಿ ತಂಗಿಯ ಕಾಲು ನಿಂತುಬಿಟ್ಟಿತು. ಇಳಿಯಲೂ ಆಗದೆ ಹತ್ತಲೂ ಆಗದೆ ಇಬ್ಬರೂ ಮೆಟ್ಟಿಲ ಮೇಲೆ ಕೂತರು. ಕೆಳಗೆ ಯಾರೋ ಬಾಗಿಲು ತೆರೆದು ಮುಚ್ಚಿದರು.

"ಮೇಲಕ್ಕೇ ಹೋಗೋಣ," ಎಂದಳು ತಂಗಿ, ಕಂಬಿಗೆ ಕೈ ಚಾಚಿ. ಅಕ್ಕ ಅವಳ ಸೊಂಟ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿಸಿದಳು.

ಮರುದಿನ ಬೆಳಿಗ್ಗೆ ಕೈಗವಸು ಹಾಕಿ ಹೊಸ ತಟ್ಟೆ ತೆಗೆದಳು. ಪ್ರತಿ ರಕ್ತವನ್ನೂ ಮೂರು ಸಲ ನೋಡಬೇಕೆಂಬುದು ನಿಯಮ. ತಂಗಿಯ ನಂಬರಿಗೆ ಇನ್ನೂ ಎರಡು ಸಲ ಬಾಕಿಯಿತ್ತು.