ಮೊದಲು ತಾಯಿಯನ್ನು ತೋರಿಸಿ

ಸಂತೆಬಾಚಹಳ್ಳಿ ಸುತ್ತಮುತ್ತ ಯಾರೇ ಹಸು ಕೊಳ್ಳಲಿ, ಎತ್ತು ಕೊಳ್ಳಲಿ, ಚಿಕ್ಕಸ್ವಾಮಿಯನ್ನು ಬಿಟ್ಟು ಹೋಗುವುದಿಲ್ಲ. ಅವನು ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಮೈಮೇಲೆ ಕೈಯಾಡಿಸಿ ಸುಳಿ ನೋಡುತ್ತಾನೆ. ಹತ್ತು ಹೆಜ್ಜೆ ನಡೆಸಿ, ಹಿಂದೆ ನಿಂತು ಸೊಂಟ ನೋಡುತ್ತಾನೆ. ಹಸುವಾದರೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ತನ್ನೆದುರೇ ಹಾಲು ಕರೆಸಿ, ಆಮೇಲೆ ಮುಂಗಡದ ಮಾತು. ಅವನು ಬೇಡವೆಂದ ದನವನ್ನು ಆ ಸಂತೆಯಲ್ಲಿ ಮತ್ತೊಬ್ಬರು ಮುಟ್ಟುವುದಿಲ್ಲ. ಆ ಹೆಸರು ಸುಮ್ಮನೆ ಬಂದದ್ದಲ್ಲ, ಮೂವತ್ತು ವರ್ಷ ಸಂತೆ ಸುತ್ತಿ ಸಂಪಾದಿಸಿದ್ದು.

ಇಂಥ ಚಿಕ್ಕಸ್ವಾಮಿ ನಾಯಿಮರಿಯನ್ನು ಮಾತ್ರ ಫೋನಿನಲ್ಲಿ ಫೋಟೊ ನೋಡಿ ಕೊಂಡುಬಿಟ್ಟ.

ತೋಟದ ಮನೆ, ಕೊಟ್ಟಿಗೆಯಲ್ಲಿ ಆರು ಹಸು. ಕಾವಲಿಗೆ ದೊಡ್ಡ ಜಾತಿಯ ನಾಯಿಯೇ ಬೇಕು, ಜರ್ಮನ್ ಶೆಫರ್ಡ್ ಆದರೆ ನಿಂತ ನಿಲುವೇ ಬೇರೆ ಎಂದು ಅವನಿಗೆ ಆಸೆ. ಯಾರೋ ಫೋಟೊ ಕಳಿಸಿದರು. ಕೆ.ಆರ್. ಪೇಟೆ ರಸ್ತೆಯಲ್ಲಿ ಕಾರು ನಿಲ್ಲಿಸಿ, ಡಿಕ್ಕಿ ತೆಗೆದು, ರಟ್ಟಿನ ಪೆಟ್ಟಿಗೆಯಿಂದ ಮರಿ ಎತ್ತಿ ಕೊಟ್ಟರು. ಐವತ್ತು ದಿನದ್ದು ಎಂದರು. ಚಿಕ್ಕಸ್ವಾಮಿ ಅದರ ಕಾಲು ಹಿಡಿದು ಉಗುರು ಎಣಿಸಿದ. ಇಪ್ಪತ್ತು ಉಗುರಿನ ನಾಯಿ ಬಲು ಚುರುಕು ಎಂದು ನಮ್ಮ ಕಡೆ ನಂಬಿಕೆ. ಎಣಿಸಿದರೆ ಸರಿಯಾಗಿ ಇಪ್ಪತ್ತಿತ್ತು. ಅಷ್ಟಕ್ಕೇ ಮರಿ ಮನೆಗೆ ಬಂತು.

ಎಂಟನೆಯ ದಿನ ವಾಂತಿ ಶುರುವಾಯಿತು, ಹಿಂದೆಯೇ ರಕ್ತಭೇದಿ. ಪಶು ಆಸ್ಪತ್ರೆಗೆ ಎತ್ತಿಕೊಂಡು ಓಡಿದರು. ಡಾಕ್ಟರು ಡ್ರಿಪ್ ಹಾಕಿದರು, ಕೈಲಾದದ್ದೆಲ್ಲ ಮಾಡಿದರು. ಮರಿ ಉಳಿಯಲಿಲ್ಲ. ತೆಂಗಿನ ಮರದ ಬುಡದಲ್ಲಿ ಮಣ್ಣು ಮಾಡುವಾಗ ಆರನೇ ಕ್ಲಾಸಿನ ಮಗಳು ಅನು ಅಳಲಿಲ್ಲ. ಕೈಕಾಲು ತೊಳೆದುಕೊಂಡು ಬಂದು ಒಂದೇ ಮಾತು ಹೇಳಿದಳು.

"ಅಪ್ಪ, ಇನ್ಮೇಲೆ ನೀನು ಮರಿ ಆರಿಸ್ಬ್ಯಾಡ."

ಸಂತೆಗೆ ಸಂತೆಯೇ ನಂಬುವ ಕಣ್ಣು ಅವನದು. ಹೆತ್ತ ಮಗಳು ನಂಬಲಿಲ್ಲ. ಚಿಕ್ಕಸ್ವಾಮಿಗೆ ಮರಿ ಸತ್ತದ್ದಕ್ಕಿಂತ ಹೆಚ್ಚಾಗಿ ಈ ಮಾತು ನೋಯಿಸಿತು. ಎರಡು ವಾರ ಸಂತೆಯ ಕಡೆ ತಲೆ ಹಾಕಲಿಲ್ಲ.

ಕರುಗಳಿಗೆ ಜಂತಿನ ಔಷಧಿ ಕುಡಿಸಲು ಊರಿನ ದನಕರುಗಳ ಆರೋಗ್ಯ ನೋಡಿಕೊಳ್ಳುವ ಪಶುಸಖಿ ಮೇಘನ ಬಂದಾಗ ಅವನ ಮುಖ ಇನ್ನೂ ಸಣ್ಣಗಿತ್ತು.

"ಹಸ ತರೋವಾಗ ಏನೇನ್ ನೋಡ್ತೀರಿ ಮಾವ?" ಎಂದು ಅವಳು ಕೇಳಿದಳು.

"ನನ್ನೇ ಕೇಳ್ತೀಯಲ್ಲವ್ವ. ಹಲ್ಲು, ಸುಳಿ, ಕೆಚ್ಚಲು, ನಡಿಗೆ. ಕರ ಆದ್ರೆ ತಾಯಿ ನೋಡ್ದೆ ಮುಟ್ಟಾಕಿಲ್ಲ."

"ಆ ಮರೀದು?"

"ಉಗುರು ನೋಡ್ದೆ."

"ಹಲ್ಲು? ತಾಯಿ?"

ಚಿಕ್ಕಸ್ವಾಮಿ ಕರುವಿನ ಹಗ್ಗ ಸರಿಮಾಡುವವನಂತೆ ಬಗ್ಗಿದ.

"ಉಗುರಲ್ಲಿ ಏನೂ ಇಲ್ಲ ಮಾವ. ಅದು ಐವತ್ತು ದಿನದ್ದಲ್ಲ, ತಿಂಗ್ಳು ತುಂಬಿದ್ರೆ ಎಚ್ಚು ಅಂತ ಡಾಕ್ಟ್ರು ಹಲ್ಲು ನೋಡೇ ಹೇಳುದ್ರು. ಊರಿನ್ ಎತ್ತಿಗೆಲ್ಲ ಹಲ್ಲು ನೋಡೋರು ನೀವು. ಬಂದಿದ್ದು ಪಾರ್ವೊ ಕಾಯ್ಲೆ. ತಾಯಿಗೂ ಸೂಜಿ ಆಗಿತ್ತೋ ಇಲ್ವೋ ಯಾರಿಗ್ಗೊತ್ತು? ತಾಯಿ ತೋರಿಸ್ನಿಲ್ಲ ಅಂದ್ರೆ ಏನೋ ಮುಚ್ಚಿಡ್ತಾವ್ರೆ ಅಂತ್ಲೇ."

"ಈ ವಾರವೇ ಇನ್ನೊಂದ್ ತಂದ್ಬುಡಾನ ಅಂತಿವ್ನಿ."

"ಬ್ಯಾಡಿ. ಆ ಕಾಯ್ಲೆ ಮಣ್ಣಲ್ಲಿ ತಿಂಗಳುಗಟ್ಲೆ ಕೂತಿರ್ತದೆ, ಒಂದೊಂದ್ಸಲ ವರ್ಷಾನೂ ಇರ್ತದೆ. ಅದು ಮಲಗಿದ್ ಗೋಣಿ, ಉಂಡಿದ್ ತಟ್ಟೆ ಇಟ್ಕಬ್ಯಾಡಿ. ನೆಲಕ್ಕೆ ಬ್ಲೀಚಿಂಗ್ ಪೌಡರ್ ಹಾಕಿ ತೊಳೀರಿ. ವರ್ಷ ಕಳೀಲಿ. ಅಷ್ಟ್ರಲ್ಲಿ ಬಾಬುರಾಯನಕೊಪ್ಪಲು ಮಂಚಮ್ಮೋರ ತಾವ ಮರಿಗೆ ಹೆಸ್ರು ಬರ್ಸಿ."

ಚಿಕ್ಕಸ್ವಾಮಿ ಗೊಣಗಿದ. ಆದರೂ ಕಾದ.

ಮಂಚಮ್ಮನ ಗಂಡ ಮಂಚಯ್ಯ ಪೊಲೀಸ್ ಶ್ವಾನದಳದಲ್ಲಿದ್ದು ನಿವೃತ್ತರಾದವರು. ಅವರಿಂದ ಕಲಿತ ಕೆಲಸದಲ್ಲಿ ಈಗ ಮಂಚಮ್ಮನದೇ ಹೆಸರು. ವರ್ಷಕ್ಕೆ ಒಂದೇ ಸೂಲು ಜರ್ಮನ್ ಶೆಫರ್ಡ್ ಮರಿ ಮಾಡಿಸುತ್ತಾಳೆ. ಮರಿ ಮಾರಲು ಪಡೆದ ನೋಂದಣಿ ಪತ್ರಕ್ಕೆ ಚೌಕಟ್ಟು ಹಾಕಿಸಿ ದೇವರ ಪಟದ ಪಕ್ಕದಲ್ಲೇ ತೂಗುಹಾಕಿದ್ದಾಳೆ.

ವರ್ಷ ಕಳೆದ ಮೇಲೆ ಒಂದು ದಿನ ಚಿಕ್ಕಸ್ವಾಮಿ, ಹೆಂಡತಿ ಬೆಟ್ಟಮ್ಮ, ಅನು ಮೂವರೂ ಪಾಂಡವಪುರದಲ್ಲಿ ಬಸ್ಸು ಬದಲಿಸಿ ಅಲ್ಲಿಗೆ ಹೋದರು. ಮಂಚಮ್ಮ ಚಪ್ಪಲಿ ಬಿಡಿಸಿ, ಸೋಪು ಕೊಟ್ಟು ಕೈಕಾಲು ತೊಳೆಸಿಯೇ ಒಳಗೆ ಬಿಟ್ಟಳು. ತಾಯಿಯ ಮಗ್ಗುಲಲ್ಲಿ ಏಳು ಮರಿ. ಚಿಕ್ಕಸ್ವಾಮಿ ಜೇಬಿಗೆ ಕೈ ಹಾಕಿದ.

"ಇವತ್ತೇ ಒಂದ್ನ ಎತ್ಕೊಂಡ್ ಹೋಯ್ತೀವಿ ಕಣಮ್ಮ."

"ಇನ್ನೂ ಐದು ವಾರದವು ಅಣ್ಣ. ಎಂಟು ವಾರ ತುಂಬದೆ ಕೊಡಾಕಿಲ್ಲ, ಕಾನೂನೂ ಅಂಗೇ ಅದೆ. ಮೊದ್ಲು ನಾನ್ ಕೇಳೋದುಕ್ ಹೇಳಿ. ಮರಿ ಎಲ್ಲಿ ಮಲಗ್ತದೆ? ಎರಡೊತ್ತೂ ನಡೆಸ್ಕೊಂಡ್ ಬರೋರ್ಯಾರು? ಹಗಲೆಲ್ಲ ಸರಪಣಿ ಹಾಕ್ಬುಡ್ತೀರಾ? ನೀವೆಲ್ಲ ಮದ್ವೆಗೋ ತಿಥಿಗೋ ಹೋದ್ರೆ ಅದುಕ್ಕೆ ಊಟ ಇಕ್ಕೋರ್ಯಾರು?"

ಚಿಕ್ಕಸ್ವಾಮಿಯ ಮುಖ ಕೆಂಪಾಯಿತು. ಸಂತೆಯಲ್ಲಿ ಪ್ರಶ್ನೆ ಕೇಳುವವನು ಅವನು, ಕೇಳಿಸಿಕೊಳ್ಳುವವನಲ್ಲ.

"ಕೊಳ್ಳೋನ್ನೇ ಕಟಕಟೇಲಿ ನಿಲ್ಸ್ದಂಗೆ ಕೇಳ್ತೀಯಲ್ಲ. ನನ್ ಕೊಟ್ಟಿಗೇಲಿ ಆರು ಹಸ ಅವೆ."

"ಹಸೀನ್ ವಿಚಾರ ನಾನ್ ಕೇಳ್ನಿಲ್ಲ," ಎಂದಳು ಮಂಚಮ್ಮ.

ಅವನು ಟವೆಲ್ಲು ಹೆಗಲಿಗೆ ಹಾಕಿಕೊಂಡು ಎದ್ದೇಬಿಟ್ಟ. ಬೆಟ್ಟಮ್ಮ ಕೂತಲ್ಲಿಂದ ಏಳಲಿಲ್ಲ.

"ಕೂತ್ಕಳಿ. ನಮ್ ಗೌರಿ ಅನ್ನೋ ಕಡಸು ಮಾರೋವಾಗ ನೀವೇನ್ ಮಾಡುದ್ರಿ? ಕೊಳ್ಳೋನ ಕೊಟ್ಟಿಗೆ ನೋಡ್ಬೇಕು ಅಂತ ನಾಗಮಂಗಲಕ್ಕೆ ಬಸ್ಸತ್ತುದ್ರಿ. ನೀರಿನ ತೊಟ್ಟಿ ಪಾಚಿ ಕಟ್ಟದೆ ಅಂತ ಕೊಡ್ದೇ ಬಂದ್ರಿ. ಅವ್ನೂ ಇಂಗೇ ಸಿಟ್ಟಾದ."

ಚಿಕ್ಕಸ್ವಾಮಿ ಕೂತ. ನಗು ತಡೆಯಲು ನೋಡಿದ, ಆಗಲಿಲ್ಲ. ತನ್ನಂಥದೇ ತಲೆ ಬಾಬುರಾಯನಕೊಪ್ಪಲಿನಲ್ಲೂ ಒಂದಿದೆ ಎಂದು ಅವನಿಗೆ ಒಳಗೊಳಗೇ ಖುಷಿಯಾಯಿತು. ಕೇಳಿದ್ದಕ್ಕೆಲ್ಲ ಒಂದೊಂದಾಗಿ ಉತ್ತರ ಹೇಳಿದ. ಹೇಳಿ ಮುಗಿಸಿ, "ಈಗ ನನ್ ಸರದಿ. ತಾಯಿನ ಒಂದ್ಸಲ ನಡೆಸು," ಎಂದ.

ಮಂಚಮ್ಮ ತಾಯಿ ನಾಯಿಯನ್ನು ಅಂಗಳದಲ್ಲಿ ಆ ತುದಿಗೂ ಈ ತುದಿಗೂ ನಡೆಸಿದಳು. ಚಿಕ್ಕಸ್ವಾಮಿ ಹಿಂದೆ ನಿಂತು, ಎತ್ತಿನ ಸೊಂಟ ನೋಡುವ ಅದೇ ಕಣ್ಣಿನಿಂದ ನೋಡಿದ. ಹಿಂಗಾಲು ಎಳೆಯುತ್ತಿರಲಿಲ್ಲ, ನಡು ವಾಲುತ್ತಿರಲಿಲ್ಲ. ಕರೆದರೆ ಹತ್ತಿರ ಬಂದು ಕೈ ಮೂಸಿತು. ಹೆದರಿ ಮುದುರಲಿಲ್ಲ, ಗುರ್ ಎನ್ನಲೂ ಇಲ್ಲ.

ಮಂಚಮ್ಮ ಒಳಗಿನಿಂದ ಎಕ್ಸ್‌ರೇ ತಂದು ಬೆಳಕಿಗೆ ಹಿಡಿದಳು. "ದೊಡ್ಡ ಜಾತಿಗೆ ಸೊಂಟದ ಕೀಲೇ ಮುಖ್ಯ ಅಣ್ಣ. ಕೀಲು ಕೆಟ್ಟಿದ್ರೆ ಮರಿಗೂ ಬರ್ಬೋದು. ತಂದೇದೂ ತೆಗೆಸಿವ್ನಿ, ನೋಡಿ. ಎಲ್ಲಾರೂ ಬಂದು ಬಣ್ಣ ಕೇಳ್ತಾರೆ, ಕಿವಿ ಯಾವಾಗ ನಿಲ್ತದೆ ಅಂತಾರೆ. ತಾಯಿ ನಡೆಸು ಅಂದೋರು ಇಷ್ಟು ವರ್ಷದಲ್ಲಿ ನೀವೊಬ್ರೆ."

ಚಿಕ್ಕಸ್ವಾಮಿ ನೆಟ್ಟಗೆ ನಿಂತ. ಆದರೆ ವರ್ಷದ ಹಿಂದಿನ ಮಾತು ಅವನಿಗೆ ಮರೆತಿರಲಿಲ್ಲ. ಮಗಳ ಕಡೆ ತಿರುಗಿದ.

"ಮರಿ ನೀನೇ ಆರ್ಸು ಮಗ."

ಅನು ತಾಯಿ ನಾಯಿಯನ್ನು ನೋಡಿದಳು. ಅಪ್ಪನನ್ನು ನೋಡಿದಳು.

"ತಾಯಿ ನೋಡುದ್ಯಲ್ಲಪ್ಪ. ಈಗ ನೀನೇ ಆರ್ಸು."

ಚಿಕ್ಕಸ್ವಾಮಿ ಮರಿಗಳ ಮುಂದೆ ಕುಕ್ಕರುಗಾಲಿನಲ್ಲಿ ಕೂತ. ಒಂದು ಮರಿಯ ಹಲ್ಲನ್ನು ಬಹಳ ಹೊತ್ತು ನೋಡುತ್ತಲೇ ಇದ್ದ. ಅಷ್ಟು ಹೊತ್ತು ನೋಡುವಂಥದು ಆ ಪುಟ್ಟ ಬಾಯಿಯಲ್ಲಿ ಏನೂ ಇರಲಿಲ್ಲ, ಅವನ ಕಣ್ಣು ತುಂಬಿತ್ತು.

ಮೂರು ವಾರದ ಮೇಲೆ ಹೋಗಿ ಮರಿ ತಂದರು. ಮೊದಲ ಸೂಜಿಯ ತಾರೀಕು, ಮುಂದಿನ ಸೂಜಿಗಳ ತಾರೀಕು, ಜಂತಿನ ಔಷಧಿ ಕೊಟ್ಟ ದಿನ ಎಲ್ಲ ಬರೆದ ಕಾರ್ಡು ಜೊತೆಗಿತ್ತು. ಬಸ್ ಸ್ಟಾಪಿನ ತನಕ ಬಂದ ಮಂಚಮ್ಮ ಒಂದು ಮಾತು ಕೂಡಿಸಿದಳು.

"ಕರೆಯೋ ಹಸೀಗೆ ಕುಡಿಸೋ ಕ್ಯಾಲ್ಸಿಯಂನ ಇದುಕ್ ಕುಡಿಸ್ಬ್ಯಾಡಿ ಅಣ್ಣ. ಮೂಳೆ ಗಟ್ಟಿ ಆಗಾಕಿಲ್ಲ, ಕೆಡ್ತದೆ. ದೊಡ್ಡ ಜಾತಿ ಮರಿ ಮೆಲ್ಲಗೆ ಬೆಳೀಬೇಕು. ಸೂಜಿ ಎಲ್ಲ ಮುಗಿಯೋಗಂಟ ಬೀದಿಗೆ ಬುಡ್ಬ್ಯಾಡಿ."

ಬೆಟ್ಟಮ್ಮ ಗಂಡನ ಮುಖ ನೋಡಿದಳು. ಆ ಕ್ಯಾಲ್ಸಿಯಂ ಬಾಟಲಿಯನ್ನು ಅವನು ಬೆಳಿಗ್ಗೆಯೇ ಮರಿಗೆಂದು ಕಿಟಕಿಯ ಮೇಲೆ ತೆಗೆದಿಟ್ಟು ಬಂದಿದ್ದ.

ಮರಿಯ ಹೆಸರು ಸಿಪಾಯಿ. ಈಗ ಅದಕ್ಕೆ ಒಂದು ವರ್ಷ. ಮೊನ್ನೆ ಪಕ್ಕದ ತೋಟದ ಹೊನ್ನಪ್ಪ ಫೋನು ಹಿಡಿದುಕೊಂಡು ಬಂದ.

"ಇಪ್ಪತ್ತು ಉಗುರಂತೆ ಕಣಣ್ಣ. ನಾಳೆ ಕಾರಲ್ಲೇ ತಂದ್ಕೊಡ್ತರಂತೆ. ಫೋಟೊ ನೋಡು."

ಚಿಕ್ಕಸ್ವಾಮಿ ಫೋನು ಮುಟ್ಟಲಿಲ್ಲ. "ತಾಯಿ ಎಲ್ಲದೆ?"

"ಅದುನ್ನ ಕೇಳ್ನಿಲ್ಲ."

"ಜೇಬಿಗಾಕ್ಕೊ ಫೋನ. ಬಾನುವಾರ ಮಂಚಮ್ಮೋರ ಊರಿಗೆ ಬಸ್ಸತ್ತು, ನಾನೂ ಬತ್ತೀನಿ."

ಅಷ್ಟರಲ್ಲಿ ಅನು ಸಿಪಾಯಿಯನ್ನು ನಡೆಸಿಕೊಂಡು ಬಂದಳು. ಅದರ ಹೆಜ್ಜೆ ನೋಡಿ ಹೊನ್ನಪ್ಪ ಬಾಯಿ ಬಿಟ್ಟುಕೊಂಡು ನಿಂತ.

"ಇದುನ್ನ ಯಾರವ್ವ ಆರ್ಸಿದ್ದು?"

"ನಮ್ಮಪ್ಪ," ಎಂದಳು ಅನು. ಅಷ್ಟು ಹೊತ್ತಿಗೆ ಕೊಟ್ಟಿಗೆ ಸೇರಿದ್ದ ಚಿಕ್ಕಸ್ವಾಮಿ ಕೇಳಿಸಲಿಲ್ಲವೇನೋ ಎಂಬಂತೆ ಹುಲ್ಲು ಹಾಕುತ್ತಿದ್ದ. ಅವನಿಗೆ ಚೆನ್ನಾಗಿಯೇ ಕೇಳಿಸಿತ್ತು.

ಓದುತ್ತಿರುವ ಅಣ್ಣ ತಮ್ಮಂದಿರೇ, ಅಕ್ಕ ತಂಗಿಯರೇ, ದನ ಕೊಳ್ಳುವಾಗ ನೀವು ಮೋಸ ಹೋಗುವವರಲ್ಲ. ಆ ಜಾಣತನವನ್ನು ನಾಯಿಮರಿಗೂ ಇಟ್ಟುಕೊಳ್ಳಿ. ಫೋಟೊ ನೋಡಿ ದುಡ್ಡು ಕಳಿಸಬೇಡಿ. ಎಂಟು ವಾರ ತುಂಬದ ಮರಿ ತರಬೇಡಿ. ಸೂಜಿಯ ಕಾರ್ಡು ಕೇಳಿ ಪಡೆಯಿರಿ. ಹುಚ್ಚುನಾಯಿ ರೋಗದ ಸೂಜಿ ಯಾವಾಗ ಹಾಕಿಸಬೇಕೆಂದು ಪಶು ಆಸ್ಪತ್ರೆಯಲ್ಲಿ ಕೇಳಿ, ತಪ್ಪದೆ ಹಾಕಿಸಿ. ನಿಮ್ಮನ್ನು ನಾಲ್ಕು ಪ್ರಶ್ನೆ ಕೇಳುವವರ ಮೇಲೆ ಸಿಟ್ಟಾಗಬೇಡಿ, ಮರಿ ಕೊಳ್ಳಬೇಕಾದ್ದು ಅವರ ಹತ್ತಿರವೇ. ಎಲ್ಲಕ್ಕಿಂತ ಮೊದಲು ತಾಯಿಯನ್ನು ತೋರಿಸಿ ಎನ್ನಿ. ತೋರಿಸದಿದ್ದರೆ, ಮರಿ ಎಷ್ಟೇ ಮುದ್ದಾಗಿರಲಿ, ಬರಿಗೈಯಲ್ಲಿ ಮನೆಗೆ ಬನ್ನಿ. ನಿಮ್ಮ ಮನೆಯಲ್ಲೂ ಒಬ್ಬಳು ಅನು ನಿಮ್ಮ ಕಣ್ಣನ್ನು ನಂಬಿಕೊಂಡು ಕಾಯುತ್ತಿರುತ್ತಾಳೆ.